ಬಿಗಿ ಚಡ್ಡಿ, ನುಣುಪು ಕಾಲು, ಲಕ್ಷದ ಸೈಕಲ್: ಘಟ್ಟದ ಸವಾರರ ಮೇಲಿನ ಜೋಕುಗಳಲ್ಲಿ ನಿಜ ಎಷ್ಟು?

ಮಳೆಗಾಲ ಮುಗಿದು ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಸಾಗರ, ಹೊಸನಗರ, ತೀರ್ಥಹಳ್ಳಿಯ ರಸ್ತೆಗಳಲ್ಲಿ ಸೈಕಲ್ ಸವಾರರೂ ಕಾಣಿಸಿಕೊಳ್ಳುತ್ತಾರೆ. ಪೇಪರ್ ಹಾಕುವ ಹುಡುಗರಲ್ಲ, ಶಾಲೆಗೆ ಹೋಗುವ ಮಕ್ಕಳೂ ಅಲ್ಲ. ಮೈಗಂಟಿದ ಬಣ್ಣದ ಬಟ್ಟೆ, ಅಣಬೆಯಂಥ ಹೆಲ್ಮೆಟ್, ಕಪ್ಪು ಕನ್ನಡಕ ತೊಟ್ಟ ನಡುವಯಸ್ಸಿನವರು. ಟೀ ಅಂಗಡಿ ಮುಂದೆ ಇಳಿದು ಟಕ್ ಟಕ್ ಅಂತ ಬಾತುಕೋಳಿಯ ಹಾಗೆ ನಡೆದು ಬಂದರೆ ಬೆಂಚಿನ ಮೇಲಿದ್ದವರಿಗೆ ಅವತ್ತಿನ ಮಾತು ಸಿಕ್ಕಿತು ಎಂದೇ ಅರ್ಥ. "ಎಂತ ಮಾರಾಯ್ರೆ, ಪ್ಯಾಂಟು ಹಾಕ್ಕೊಳ್ಳದು ಮರ್ತೋಯ್ತಾ?" "ಸೈಕಲಿಗೆ ಎರಡು ಲಕ್ಷ ಅಂತೆ. ಇಂಜಿನ್ನು ಎಲ್ಲಿಟ್ಟಿದಾರೆ?"

ಈ ನಗೆ ನಮ್ಮೂರಿನದಷ್ಟೇ ಅಲ್ಲ. ಬ್ರಿಟನ್ನಿನಲ್ಲಿ ಇಂಥವರಿಗೆ 'ಮಾಮಿಲ್' ಎಂಬ ಹೆಸರೇ ಇದೆ. 'ಲೈಕ್ರಾ ತೊಟ್ಟ ನಡುವಯಸ್ಸಿನ ಗಂಡಸು' ಎಂಬ ಇಂಗ್ಲಿಷ್ ಮಾತಿನ ಮೊದಲಕ್ಷರಗಳನ್ನು ಸೇರಿಸಿ 2010ರಲ್ಲಿ ಮಿಂಟೆಲ್ ಎಂಬ ಮಾರುಕಟ್ಟೆ ಸಂಶೋಧನಾ ಸಂಸ್ಥೆ ಹುಟ್ಟಿಸಿದ ಪದ ಅದು. ನಮ್ಮಲ್ಲಿ ನಗು ಬರುವುದಕ್ಕೆ ಇನ್ನೊಂದು ಕಾರಣವೂ ಇದೆ. ಇಲ್ಲಿ ಸೈಕಲ್ ಎಂದರೆ ಬೈಕ್ ಕೊಳ್ಳಲಾಗದವರ ವಾಹನ, ಇಲ್ಲವೇ 2006-07ರಿಂದ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಹಂಚಿದ ವಾಹನ. ಮನೆಯಲ್ಲಿ ಕಾರಿರುವ ಮನುಷ್ಯ ಬೇಕೆಂದೇ ಹುಲಿಕಲ್ ಘಾಟಿ ತುಳಿಯುತ್ತಾನೆಂದರೆ ತಲೆ ಸರಿಯಿದೆಯೇ ಎಂದು ಕೇಳುವುದು ಸಹಜ. ಇರಲಿ, ಜೋಕುಗಳನ್ನೇ ಒಂದೊಂದಾಗಿ ತೂಗಿ ನೋಡೋಣ.

ಬಿಗಿ ಬಟ್ಟೆ ಶೋಕಿಗಾ?

ಸಮತಟ್ಟು ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋಗುವ ಸವಾರನ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಗಾಳಿಯನ್ನು ತಳ್ಳುವುದಕ್ಕೇ ಖರ್ಚಾಗುತ್ತದೆ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟು, ಅದನ್ನು ಮೀರಲು ಬೇಕಾದ ಶಕ್ತಿ ಎಂಟರಷ್ಟು. ಈ ಲೆಕ್ಕದಲ್ಲಿ ಪಟಪಟ ಹಾರುವ ಅಂಗಿ ಸಣ್ಣದೊಂದು ಬ್ರೇಕ್ ಇದ್ದಂತೆ. ತಲೆ ತಗ್ಗಿಸಿ, ಬೆನ್ನು ಬಗ್ಗಿಸಿ ಕೂರುವುದೂ ಇದೇ ಕಾರಣಕ್ಕೆ. ಆದರೆ ಗಂಟೆಗೆ 12 ಕಿ.ಮೀ. ವೇಗದಲ್ಲಿ ಡೇರಿಗೆ ಹಾಲು ಒಯ್ಯುವವರಿಗೆ ಗಾಳಿಗಿಂತ ಟೈರು-ರಸ್ತೆಯ ಘರ್ಷಣೆಯೇ ದೊಡ್ಡ ತಡೆ. ಅವರಿಗೆ ಲುಂಗಿಯೇ ಸರಿ. ಭಾನುವಾರ ಹತ್ತು ಕಿ.ಮೀ. ಹೋಗಿ ದೋಸೆ ತಿಂದು ಬರುವವರಿಗೂ ಅಷ್ಟೇ. ಅಂಥವರು ಲೈಕ್ರಾ ತೊಟ್ಟಿದ್ದರೆ ನಿಮ್ಮ ಅನುಮಾನ ಸರಿಯಾಗಿಯೇ ಇದೆ.

ಚಡ್ಡಿಯ ಕಥೆ ಮಾತ್ರ ಬೇರೆ. ಐದಾರು ಗಂಟೆ ತುಳಿದರೆ ಕಾಲು ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ಸುತ್ತುತ್ತದೆ. ಬೆವರಿನಲ್ಲಿ ನೆನೆದ ಬಟ್ಟೆಯ ಒಂದು ಹೊಲಿಗೆ ಅಷ್ಟು ಸಲ ತೊಡೆಸಂದಿಗೆ ಉಜ್ಜಿದರೆ ಚರ್ಮ ಕಿತ್ತು ಬರುತ್ತದೆ. ಬಿಗಿ ಬಟ್ಟೆ ಚರ್ಮದ ಜೊತೆಗೇ ಸರಿಯುತ್ತದೆ, ಉಜ್ಜುವುದಿಲ್ಲ. ಒಳಗೆ ದಪ್ಪ ಮೆತ್ತೆ ಇರುತ್ತದೆ, ಅದರಡಿ ಒಳಉಡುಪು ಹಾಕುವುದಿಲ್ಲ. ಒಳಉಡುಪಿಗೂ ಹೊಲಿಗೆ ಇರುತ್ತದಲ್ಲ! ಇದೇ ಬಟ್ಟೆಯನ್ನು ಹೆಂಗಸರು ತೊಟ್ಟರೆ ಜೋಕಿನ ಧಾಟಿಯೇ ಬೇರೆಯಾಗುತ್ತದೆ. ಅವರ ಚರ್ಮಕ್ಕೂ ಹೊಲಿಗೆ ಉಜ್ಜುವುದು ಹಾಗೆಯೇ.

ಕಾಲಿನ ಕೂದಲು ಬೋಳಿಸುವುದಕ್ಕೆ ಸಮರ್ಥನೆ ಇಷ್ಟು ಗಟ್ಟಿಯಿಲ್ಲ. 1980ರ ದಶಕದ ಪರೀಕ್ಷೆಯೊಂದರಲ್ಲಿ 40 ಕಿ.ಮೀ.ಗೆ ಕೆಲವೇ ಸೆಕೆಂಡು ಉಳಿಯುತ್ತದೆ ಎಂದು ಕಂಡಿತ್ತು. 2014ರಲ್ಲಿ ಸ್ಪೆಷಲೈಸ್ಡ್ ಎಂಬ ಸೈಕಲ್ ಕಂಪನಿ ತನ್ನದೇ ಗಾಳಿಸುರಂಗದಲ್ಲಿ ಆರು ಜನರನ್ನು ಪರೀಕ್ಷಿಸಿ 50ರಿಂದ 82 ಸೆಕೆಂಡು ಎಂದಿತು. ಆರೇ ಜನ, ಕಂಪನಿಯದೇ ಪ್ರಯೋಗ; ಅದಕ್ಕೆ ಎಷ್ಟು ಬೆಲೆ ಕೊಡಬೇಕೋ ಅಷ್ಟೇ ಕೊಡಿ. ಬಿದ್ದು ತರಚಿದಾಗ ಗಾಯ ತೊಳೆದು ಪಟ್ಟಿ ಕಟ್ಟುವುದು ಸುಲಭ ಎಂಬುದು ಇನ್ನೊಂದು ಕಾರಣ. ಮಲೆನಾಡಿಗೆ ಒಂದು ಲಾಭವನ್ನು ಸೇರಿಸಬಹುದು: ಬೋಳು ಕಾಲಿನಲ್ಲಿ ಉಂಬಳ ಬೇಗ ಕಣ್ಣಿಗೆ ಬೀಳುತ್ತದೆ.

ಒಂದು ಕಿಲೋಗೆ ಎಷ್ಟು ಸೆಕೆಂಡು?

ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 600 ಮೀಟರ್ ಆಸುಪಾಸಿನ ಊರುಗಳು. ನಕ್ಷೆ ನೋಡಿದರೆ ಒಂದೂರಿಂದ ಇನ್ನೊಂದೂರಿಗೆ ಹೋಗುವಾಗ ಏರಬೇಕಾದ್ದು ಏನೂ ಇಲ್ಲ. ಕಾಲಿಗೆ ಮಾತ್ರ ಗೊತ್ತು, ನಡುವೆ ಹಳ್ಳಕ್ಕೊಂದು ಇಳಿಜಾರು, ಹಳ್ಳ ದಾಟಿದ ಮೇಲೊಂದು ಏರು. ಇನ್ನು ಕರಾವಳಿಯ ಕಡೆಯಿಂದ ಆಗುಂಬೆಯ 14 ತಿರುವುಗಳನ್ನೋ ಹುಲಿಕಲ್ ಘಾಟಿಯನ್ನೋ ಹತ್ತಿ ಬರುವವರ ಮಾತು ಬಿಡಿ. ಸೈಕಲಿನ ತೂಕದ ಹುಚ್ಚು ಹುಟ್ಟುವುದು ಇಂಥಲ್ಲೇ.

ಲೆಕ್ಕ ಸರಳ. 500 ಮೀಟರ್ ಎತ್ತರಕ್ಕೆ ಒಂದು ಕಿಲೋ ಹೆಚ್ಚುವರಿ ಭಾರ ಒಯ್ಯಲು ಸುಮಾರು 4,900 ಜೂಲ್ ಬೇಕು. ಸಾಧಾರಣ ಹವ್ಯಾಸಿಯೊಬ್ಬ 150 ವ್ಯಾಟ್‌ನಲ್ಲಿ ತುಳಿಯುತ್ತಾನೆ ಎಂದಿಟ್ಟುಕೊಂಡರೆ ಅದು 33 ಸೆಕೆಂಡಿನ ಕೆಲಸ. 16 ಕಿಲೋ ಸೈಕಲ್ ಬಿಟ್ಟು 8 ಕಿಲೋದ್ದು ತಂದರೆ ಘಟ್ಟದಲ್ಲಿ ನಾಲ್ಕು ನಿಮಿಷಕ್ಕೂ ಹೆಚ್ಚು ಉಳಿಯುತ್ತದೆ, ಅದು ಕಾಲಿಗೆ ಗೊತ್ತಾಗುವ ವ್ಯತ್ಯಾಸ. ಆದರೆ 8 ಕಿಲೋದ್ದನ್ನು 7 ಮಾಡಲು ಇನ್ನೊಂದು ಲಕ್ಷ ಸುರಿದರೆ ಸಿಗುವುದು ಅದೇ 33 ಸೆಕೆಂಡು. ಹೊಟ್ಟೆಯಿಂದ ಒಂದು ಕಿಲೋ ಇಳಿಸಿದರೂ ಅಷ್ಟೇ ಸಿಗುತ್ತದೆ, ಪುಕ್ಕಟೆ. ಇಲ್ಲಿ ಬೆಂಚಿನ ಮೇಲಿನವರೇ ಗೆದ್ದರು. ಸವಾರರೂ ಇದನ್ನು ಬಲ್ಲರು. 'ಒಬ್ಬನಿಗೆ ಎಷ್ಟು ಸೈಕಲ್ ಬೇಕು?' ಎಂಬ ಪ್ರಶ್ನೆಗೆ 'ಈಗಿರುವುದಕ್ಕಿಂತ ಒಂದು ಹೆಚ್ಚು, ಹೆಂಡತಿ ಬಿಟ್ಟು ಹೋಗುವ ಸಂಖ್ಯೆಗಿಂತ ಒಂದು ಕಡಿಮೆ' ಎಂಬುದು ಲೋಕದ ಸೈಕಲ್ ಸವಾರರೆಲ್ಲ ತಮ್ಮ ಮೇಲೆ ತಾವೇ ಹೇಳಿಕೊಳ್ಳುವ ಜೋಕು.

"ಆ ಸೀಟಿನ ಮೇಲೆ ಕೂತ್ರೆ ಗಂಡಸ್ತನ ಹೋಗುತ್ತಂತೆ"

ನಗುತ್ತಲೇ ಹೇಳುವ ಮಾತಾದರೂ ಇದನ್ನು ನಂಬಿ ಸೈಕಲ್ ಬಿಟ್ಟವರಿದ್ದಾರೆ. ಆದ್ದರಿಂದ ಸ್ವಲ್ಪ ನಿಂತು ನೋಡಬೇಕು.

ಭಯಕ್ಕೆ ಬುಡವಿಲ್ಲ ಎನ್ನುವಂತಿಲ್ಲ. ಸೀಟಿನ ಕಿರಿದಾದ ಮೂತಿ ವೃಷಣದ ಹಿಂದಿನ ಮೆದು ಭಾಗವನ್ನು ಒತ್ತುತ್ತದೆ. ಜನನಾಂಗಕ್ಕೆ ಹೋಗುವ ನರ ಮತ್ತು ರಕ್ತನಾಳ ಹಾದುಹೋಗುವುದು ಅಲ್ಲೇ. ಬಹಳ ಹೊತ್ತು ಒತ್ತಿದರೆ ಜೋಮು ಹಿಡಿಯುತ್ತದೆ. 1990ರ ದಶಕದ ಕೊನೆಗೆ ಅಮೆರಿಕದ ಕೆಲ ವೈದ್ಯರು ಇದರ ಬಗ್ಗೆ ಎಚ್ಚರಿಸಿದ ಮೇಲೆ ಸುದ್ದಿ ಎಲ್ಲೆಡೆ ಹಬ್ಬಿತು.

ಆಮೇಲೆ ದೊಡ್ಡ ಅಧ್ಯಯನಗಳು ನಡೆದವು. 2014ರಲ್ಲಿ ಬ್ರಿಟನ್ನಿನ 5,282 ಗಂಡಸು ಸವಾರರನ್ನು ವಿಚಾರಿಸಿದಾಗ, ವಾರಕ್ಕೆ ಹೆಚ್ಚು ಗಂಟೆ ತುಳಿಯುವುದಕ್ಕೂ ನಿಮಿರು ದೌರ್ಬಲ್ಯ ಅಥವಾ ಬಂಜೆತನಕ್ಕೂ ನಂಟು ಕಾಣಲಿಲ್ಲ. 2018ರಲ್ಲಿ ಅಮೆರಿಕದ ಸಂಶೋಧಕರು ಸೈಕಲ್ ಸವಾರರನ್ನು ಈಜುಗಾರರು ಮತ್ತು ಓಟಗಾರರ ಜೊತೆ ಹೋಲಿಸಿದರು. ಲೈಂಗಿಕ ಸಾಮರ್ಥ್ಯದಲ್ಲಿ ಸವಾರರು ಹಿಂದೆ ಬಿದ್ದಿರಲಿಲ್ಲ. ಜೋಮು ಮಾತ್ರ ಅವರಲ್ಲಿ ಹೆಚ್ಚಿತ್ತು, ಮೂತ್ರನಾಳ ಕಿರಿದಾಗುವ ತೊಂದರೆಯೂ ಸ್ವಲ್ಪ ಹೆಚ್ಚಿತ್ತು. ಹೆಂಗಸರ ಮೇಲಿನ ಇಂಥದ್ದೇ ಅಧ್ಯಯನದಲ್ಲಿ ಮೂತ್ರದ ಸೋಂಕು ಮತ್ತು ಸೀಟಿನ ಹುಣ್ಣು ಹೆಚ್ಚು ಕಂಡವು, ಲೈಂಗಿಕ ಆರೋಗ್ಯ ಕೆಟ್ಟಿರಲಿಲ್ಲ. ಇವೆಲ್ಲ ಜನರೇ ತುಂಬಿದ ಪ್ರಶ್ನಾವಳಿಗಳನ್ನು ಆಧರಿಸಿದವು ಎಂಬುದು ನೆನಪಿರಲಿ.

ಅದೇ ಅಧ್ಯಯನದಲ್ಲಿ ಉಪಯೋಗಕ್ಕೆ ಬರುವ ಎರಡು ಸಂಗತಿಗಳಿವೆ. ಸವಾರಿಯ ಹೊತ್ತಿನಲ್ಲಿ ಐದನೇ ಒಂದು ಪಾಲಿಗಿಂತ ಹೆಚ್ಚು ಎದ್ದು ನಿಂತು ತುಳಿಯುವವರಿಗೆ ಜೋಮು ಕಡಿಮೆ. ಹ್ಯಾಂಡಲ್ ಸೀಟಿಗಿಂತ ತಗ್ಗಿನಲ್ಲಿದ್ದರೆ ಜೋಮು ಹೆಚ್ಚು. ಅಂದರೆ ನಮ್ಮ ಏರಿಳಿತದ ರಸ್ತೆಯೇ ಒಂದು ಬಗೆಯ ಮದ್ದು, ಎದ್ದು ನಿಲ್ಲದೆ ಘಟ್ಟ ಹತ್ತುವವರು ಅಪರೂಪ. ಮೆತ್ತಗಿರಲೆಂದು ದಿಂಬಿನಂಥ ಅಗಲ ಸೀಟು ಹಾಕಿಸುವುದರಿಂದ ದೂರದ ಸವಾರಿಯಲ್ಲಿ ಪ್ರಯೋಜನವಿಲ್ಲ. ಕೂರುವ ಎಲುಬು ಅದರಲ್ಲಿ ಹೂತು, ಮೆದು ಭಾಗದ ಮೇಲೇ ಒತ್ತಡ ಬೀಳುತ್ತದೆ. ಇಳಿದ ಮೇಲೂ ಜೋಮು ಹೋಗದಿದ್ದರೆ, ಮೂತ್ರ ಸಲೀಸಾಗಿ ಹೋಗದಿದ್ದರೆ ನಾಚಿಕೆ ಬಿಟ್ಟು ವೈದ್ಯರನ್ನು ಕಾಣಿ.

ಮಂಡಿ ಸವೆಯುತ್ತದೆ ಎಂಬ ಮಾತಿಗೂ ಆಧಾರ ಸಾಲದು. ಅಮೆರಿಕದಲ್ಲಿ 2,600ಕ್ಕೂ ಹೆಚ್ಚು ಜನರನ್ನು ನೋಡಿದ 2024ರ ಅಧ್ಯಯನವೊಂದರಲ್ಲಿ, ಬದುಕಿನಲ್ಲಿ ಯಾವಾಗಲಾದರೂ ಸೈಕಲ್ ರೂಢಿ ಇದ್ದವರಲ್ಲಿ ಮಂಡಿನೋವು ಕಡಿಮೆಯೇ ಇತ್ತು. ಮಂಡಿ ಚೆನ್ನಾಗಿದ್ದವರೇ ಸೈಕಲ್ ಹತ್ತಿರಬಹುದು, ಆ ಅನುಮಾನ ಉಳಿಯುತ್ತದೆ. ಸೀಟು ತೀರಾ ತಗ್ಗಿಸಿಕೊಂಡು ಭಾರದ ಗೇರಿನಲ್ಲಿ ತುಳಿದರೆ ಮಾತ್ರ ಮಂಡಿ ನೋಯುವುದು ಖಂಡಿತ.

ಜೇಬಿನಲ್ಲಿ ಜೋನಿ ಬೆಲ್ಲ

ಬೆನ್ನಿನ ಜೇಬಿನಿಂದ ಪುಟ್ಟ ಪ್ಯಾಕೆಟ್ ತೆಗೆದು ಹೀರುವುದನ್ನು ನೋಡಿ "ಗ್ಲೂಕೋಸ್ ಹತ್ತಿಸ್ಕೊಂಡೇ ಬಂದಿದಾರೆ" ಎನ್ನುವವರಿದ್ದಾರೆ. ಅದು ಹೆಚ್ಚುಕಡಿಮೆ ನಿಜ. ನಮ್ಮ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಅಂದಾಜು 1,600ರಿಂದ 2,000 ಕ್ಯಾಲೊರಿಯಷ್ಟು. ನಾಲ್ಕು ಗಂಟೆ ಜೋರಾಗಿ ತುಳಿದರೆ ಸುಮಾರು ಅಷ್ಟೇ ಖರ್ಚು. ಅದು ಬರಿದಾದರೆ ಕೈ ನಡುಗಿ, ಕಣ್ಣು ಕತ್ತಲೆ ಬಂದು ಕೂರಬೇಕಾಗುತ್ತದೆ. ಆದ್ದರಿಂದ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ-ಸಕ್ಕರೆ ಬೇಕು, ಅಂದರೆ ಒಂದೆರಡು ಬಾಳೆಹಣ್ಣು. ಆ ದುಬಾರಿ ಪ್ಯಾಕೆಟ್ಟಿನಲ್ಲಿರುವುದೂ ಬಹುಪಾಲು ಸಕ್ಕರೆ ಪಾಕವೇ. ಆಲೆಮನೆಯ ಜೋನಿ ಬೆಲ್ಲವನ್ನು ಸಣ್ಣ ಬಾಟಲಿಗೆ ಹಾಕಿಕೊಂಡರೆ ಕೆಲಸ ನಡೆಯುತ್ತದೆ, ಮುಚ್ಚಳ ಗಟ್ಟಿಯಿರಬೇಕಷ್ಟೆ. ಘಟ್ಟ ಹತ್ತಿ ಬಂದು ಮೂರು ಮಸಾಲೆ ದೋಸೆ ಹೊಡೆಯುವವರನ್ನು ನೋಡಿ ನಗಬೇಡಿ, ಅವರ ಲೆಕ್ಕ ಸರಿಯಿದೆ.

ಬಟ್ಟೆಯ ಹಿಂದೆ ಮನುಷ್ಯ ಕಾಣುವುದೆಷ್ಟು?

ನಸುಕಿನ ಮೂರು ಗಂಟೆಗೆ ಮಿಂಚುವ ಜಾಕೆಟ್ ತೊಟ್ಟು ಹೋಗುವವರು ದೆವ್ವಗಳಲ್ಲ, ಬಹುಶಃ 'ಬ್ರೆವೆ' ಸವಾರರು. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ ಎಂಬ ಗಡುವಿನೊಳಗೆ ಮುಗಿಸಬೇಕಾದ ಸವಾರಿ ಅದು. ಮೊದಲು ಬಂದವರಿಗೆ ಬಹುಮಾನವಿಲ್ಲ. ರಾತ್ರಿಯಲ್ಲಿ ದೀಪವೂ ಬೆಳಕು ಹಿಮ್ಮರಳಿಸುವ ಜಾಕೆಟ್ಟೂ ಕಡ್ಡಾಯ.

ಆ ಜಾಕೆಟ್ಟಿನ ಬಗ್ಗೆ ಬಂದ ಸಂಶೋಧನೆಯೊಂದು ನಗು ಬರುವಂಥದ್ದಲ್ಲ. ಆಸ್ಟ್ರೇಲಿಯಾದಲ್ಲಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 442 ಜನರಿಗೆ ಮನುಷ್ಯನವರೆಗಿನ ವಿಕಾಸದ ಚಿತ್ರ ಕೊಟ್ಟು, ಸೈಕಲ್ ಸವಾರರನ್ನು ಅದರಲ್ಲಿ ಎಲ್ಲಿಡುತ್ತೀರಿ ಎಂದು ಕೇಳಿದರು. ಸೈಕಲ್ ಓಡಿಸದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸವಾರರನ್ನು ಪೂರ್ಣ ಮನುಷ್ಯರಿಗಿಂತ ಕೆಳಗಿಟ್ಟರು. ಹಾಗೆ ಕೆಳಗಿಟ್ಟವರೇ ಸವಾರರ ಮೇಲೆ ಬೇಕೆಂದೇ ಗಾಡಿ ನುಗ್ಗಿಸುವುದು, ಬೈಯುವುದು ಮಾಡಿದ್ದಾಗಿ ಹೆಚ್ಚು ಒಪ್ಪಿಕೊಂಡಿದ್ದರು. 2023ರಲ್ಲಿ ಅಲ್ಲಿಯ ಸಂಶೋಧಕರು ಫೋಟೊಗಳನ್ನು ತೋರಿಸಿ ಕೇಳಿದಾಗ, ಬರಿತಲೆಯ ಸವಾರನಿಗಿಂತ ಹೆಲ್ಮೆಟ್ ತೊಟ್ಟವನೂ, ಎಲ್ಲರಿಗಿಂತ ಹೆಚ್ಚಾಗಿ ಮಿಂಚುವ ಜಾಕೆಟ್ ತೊಟ್ಟವನೂ 'ಕಡಿಮೆ ಮನುಷ್ಯ'ನಾಗಿ ಕಂಡಿದ್ದರು. ಜೀವ ಉಳಿಸಲೆಂದು ತೊಟ್ಟ ಬಟ್ಟೆಯೇ ಮುಖವನ್ನು ಮರೆಸಿಬಿಡುತ್ತದೆ.

ನಮ್ಮ ಘಟ್ಟದಲ್ಲಿ ಇದು ನೇರವಾಗಿ ಲೆಕ್ಕಕ್ಕೆ ಬರುತ್ತದೆ. ರಸ್ತೆ ಕಿರಿದು, ಅಂಚು ಮಳೆಗೆ ಕಿತ್ತು ಹೋಗಿರುತ್ತದೆ, ತಿರುವಿನಾಚೆ ಏನಿದೆಯೋ ಕಾಣುವುದಿಲ್ಲ. ಇಬ್ಬರು ಸವಾರರು ಅಕ್ಕಪಕ್ಕ ಮಾತಾಡಿಕೊಂಡು ಹೋದರೆ ನೀವು ಬೈಯುವುದು ನ್ಯಾಯವೇ, ಅಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗಬೇಕು. ಆದರೆ ಒಂಟಿಯಾಗಿ ಏರು ಹತ್ತುತ್ತಿರುವವರು ಸೊಟ್ಟಪಟ್ಟ ಹೋಗುತ್ತಿದ್ದರೆ ಅದು ಸೊಕ್ಕಲ್ಲ. ಸೈಕಲ್ ನಿಧಾನವಾದಷ್ಟೂ ಬೀಳದಿರಲು ಹ್ಯಾಂಡಲನ್ನು ಹೆಚ್ಚು ಹೆಚ್ಚು ಆಚೀಚೆ ತಿರುಗಿಸಲೇಬೇಕು. ಮುಂದೆ ಗುಂಡಿ ಕಂಡರೆ ಅವರು ಸರಿಯುವುದು ರಸ್ತೆಯ ನಡುವಿಗೇ, ಇನ್ನೊಂದು ಕಡೆ ಚರಂಡಿ. ಷೂ ಪೆಡಲಿಗೆ ಸಿಕ್ಕಿಸಿರುವುದರಿಂದ ತಟ್ಟನೆ ಕಾಲು ಊರುವುದೂ ಕಷ್ಟ. ಹಲವು ದೇಶಗಳ ಕಾನೂನು ಸೈಕಲ್ ದಾಟುವಾಗ ಒಂದರಿಂದ ಒಂದೂವರೆ ಮೀಟರ್ ಜಾಗ ಬಿಡಿ ಎನ್ನುತ್ತದೆ. ಹುಲಿಕಲ್ ತಿರುವಿನಲ್ಲಿ ಲಾರಿ ಎದುರಾದಾಗ ಅಷ್ಟು ಜಾಗ ಸಿಗುವುದಿಲ್ಲ. ತಿರುವು ಮುಗಿಯುವ ತನಕ ಹಿಂದೆ ನಿಲ್ಲುವುದೊಂದೇ ದಾರಿ. ಗಂಟೆಗೆ 9 ಕಿ.ಮೀ. ವೇಗದಲ್ಲಿ ಏರುತ್ತಿರುವವರ ಹಿಂದೆ ನೂರು ಮೀಟರ್ ಹೋಗಲು ಬೇಕಾಗುವುದು 40 ಸೆಕೆಂಡು.