ರಾಮನಗರ: ಅರ್ಕಾವತಿ ದಂಡೆಯ ಗೂಡಿನ ಪೇಟೆ

ಬೆಂಗಳೂರಿನಿಂದ ಮೈಸೂರು ದಾರಿಯಲ್ಲಿ ಸುಮಾರು 50 ಕಿ.ಮೀ. ಸಾಗಿದರೆ ಸಿಗುವ ರಾಮನಗರ, ಅರ್ಕಾವತಿ ನದಿಯ ದಂಡೆಯ ಮೇಲಿದೆ. ಬೆಂಗಳೂರು ಮಹಾನಗರ ಪ್ರದೇಶದೊಳಗಿನ ಈ ಸಣ್ಣ ನಗರದ ಜನಸಂಖ್ಯೆ 2011ರ ಗಣತಿಯಂತೆ ಸುಮಾರು 95 ಸಾವಿರ. ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನಿಂದಾಗಿ ಊರು ಬಹುಕಾಲ ಕ್ಲೋಸ್‌ಪೇಟೆ ಎನಿಸಿಕೊಂಡಿತ್ತು. ಆ ಹೆಸರು ಈಗ ಉಳಿದಿರುವುದು ಬಂಡೆಗಳಲ್ಲಿ. ಸುಮಾರು 250 ಕೋಟಿ ವರ್ಷ ಹಳೆಯದಾದ ಇಲ್ಲಿನ ಶಿಲೆಯನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರೀಕರಣವಾದದ್ದು ಈ ಬಂಡೆಗಳ ನಡುವೆಯೇ. ರಾಮದೇವರ ಬೆಟ್ಟದ ಕಡಿದಾದ ಬಂಡೆಗಳು ಉದ್ದಕೊಕ್ಕಿನ ರಣಹದ್ದುಗಳ ನೆಲೆಯೂ ಹೌದು. 2012ರಲ್ಲಿ ಅದು ರಣಹದ್ದು ಧಾಮವಾಯಿತು.

ಹೊರಗಿನವರು ‘ಶೋಲೆ’ಯ ಖಳನಾಯಕ ಗಬ್ಬರ್‌ನನ್ನು ನೆನೆಯಲಿ, ಊರಿನ ಒಲೆ ಉರಿಯುವುದು ರೇಷ್ಮೆಯಿಂದ. ಇಲ್ಲಿನ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆಗೆ ಏಷ್ಯಾದಲ್ಲೇ ದೊಡ್ಡದೆಂಬ ಹೆಸರಿದೆ. ಗೂಡನ್ನು ಕೂಡಿಟ್ಟು ಬೆಲೆ ಏರಲೆಂದು ಕಾಯುವಂತಿಲ್ಲ: ದಿನ ಕಳೆದರೆ ಒಳಗಿನ ಕೋಶ ಚಿಟ್ಟೆಯಾಗಿ ಗೂಡನ್ನು ತೂತು ಮಾಡುತ್ತದೆ, ಎಳೆ ತುಂಡಾಗುತ್ತದೆ. ಹಾಗಾಗಿ ರೈತರು ತಂದ ಮಾಲು ಅಂದೇ ಹರಾಜಾಗಬೇಕು. ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳು ಹರಡಿಟ್ಟ ರಾಶಿಗೆ ಕೈಹಾಕಿ ಗೂಡನ್ನು ಹಿಸುಕಿ ನೋಡುತ್ತಾರೆ, ಕಿವಿಯ ಬಳಿ ಅಲುಗಿಸಿ ಕೋಶದ ಸದ್ದು ಕೇಳುತ್ತಾರೆ. ಕೂಗಿನ ಹರಾಜು ಹೋಗಿ ಇ-ಹರಾಜು ಬಂದರೂ ಈ ಪರೀಕ್ಷೆ ತಪ್ಪಿಲ್ಲ. ಕೊಂಡ ಗೂಡು ಊರಿನ ಫಿಲೇಚರ್‌ಗಳಲ್ಲಿ, ಅಂದರೆ ನೂಲು ತೆಗೆಯುವ ಘಟಕಗಳಲ್ಲಿ, ಬಿಸಿನೀರಿಗೆ ಬಿದ್ದು, ಹಲವು ಗೂಡುಗಳ ಎಳೆ ಸೇರಿ ಒಂದು ನೂಲಾಗುತ್ತದೆ. ಆ ಕೇರಿಗಳಲ್ಲಿ ಬೆಂದ ಹುಳುವಿನ ವಾಸನೆ ಗಾಳಿಯಲ್ಲೇ ಇರುತ್ತದೆ.

ನದಿಯ ಪಾಡು ಬೇರೆ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯನ್ನು 1930ರ ದಶಕದಲ್ಲೇ ಬೆಂಗಳೂರಿನ ಕುಡಿಯುವ ನೀರಿಗೆಂದು ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟಿಹಾಕಲಾಯಿತು. ಕೆಳಗೆ ಮಂಚನಬೆಲೆ ಜಲಾಶಯವೂ ಬಂತು. ರಾಮನಗರಕ್ಕೆ ಉಳಿದದ್ದು ಮಳೆಗಾಲ ಬಿಟ್ಟರೆ ಬಡಕಲು ಹರಿವು, ಜೊತೆಗೆ ಊರಿನ ಚರಂಡಿ ನೀರು. ಆದರೂ 2022ರ ಆಗಸ್ಟ್ ಮಳೆಗೆ ತಗ್ಗಿನ ಬಡಾವಣೆಗಳು ಮುಳುಗಿದವು. ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಈ ನದಿ ಕಾವೇರಿ ಸೇರುತ್ತದೆ.

ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು 2007ರಲ್ಲಿ ಚನ್ನಪಟ್ಟಣ, ಕನಕಪುರ, ಮಾಗಡಿ ಸೇರಿದ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಸರ್ಕಾರ ಅದನ್ನು ಬೆಂಗಳೂರು ದಕ್ಷಿಣ ಎಂದು ಕರೆಯಿತು. ಜಿಲ್ಲಾ ಕೇಂದ್ರ ರಾಮನಗರವೇ. ಹೆಸರು ಬಂದಷ್ಟು ಸುಲಭವಾಗಿ ಗಿರಾಕಿ ಬರಲಿಲ್ಲ: 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಊರನ್ನು ಬಳಸಿ ಹೋಗುವುದರಿಂದ ಹಳೆ ರಸ್ತೆಯ ಹೋಟೆಲು, ಅಂಗಡಿಗಳ ವ್ಯಾಪಾರ ಕುಸಿದಿದೆ. ಬೆಂಗಳೂರಿಗೆ ದುಡಿಯಲು ಹೋಗುವವರಿಗೆ ರೈಲೇ ಅಗ್ಗದ ದಾರಿ.