ಸರಾಸರಿಯ ಹಿಂದೆ ಅಡಗಿದ ಫ್ರೇಮುಗಳು

2023ರ ಜೂನ್ ಕೊನೆಯಲ್ಲಿ ಎನ್ವಿಡಿಯಾ ಕಂಪನಿ ಆರ್‌ಟಿಎಕ್ಸ್ 4060 ಎಂಬ ಗ್ರಾಫಿಕ್ಸ್ ಕಾರ್ಡನ್ನು 299 ಡಾಲರ್ ಬೆಲೆಗೆ ಬಿಡುಗಡೆ ಮಾಡಿದಾಗ, ಅದರ ವಿವರಪಟ್ಟಿ ಓದಿದವರು ಹುಬ್ಬೇರಿಸಿದರು. ಎರಡು ವರ್ಷ ಹಿಂದಿನ ಆರ್‌ಟಿಎಕ್ಸ್ 3060ರಲ್ಲಿ 12 ಜಿಬಿ ಮೆಮೊರಿ ಇತ್ತು. ಹೊಸದರಲ್ಲಿ 8 ಜಿಬಿ. ಹಳೆಯದರಲ್ಲಿ 3584 ಕೋರ್‌ಗಳಿದ್ದವು, ಹೊಸದರಲ್ಲಿ 3072. ಮೆಮೊರಿಗೂ ಚಿಪ್ಪಿಗೂ ನಡುವಿನ ದಾರಿ 192 ಬಿಟ್‌ನಿಂದ 128 ಬಿಟ್‌ಗೆ ಕಿರಿದಾಗಿತ್ತು. ಕಾಗದದ ಮೇಲೆ ಎಲ್ಲವೂ ಇಳಿಕೆಯೇ. ಆದರೆ ಆಟ ಓಡಿಸಿ ಅಳೆದವರಿಗೆ ಸಿಕ್ಕ ಸರಾಸರಿ ವೇಗ ಹಳೆಯದಕ್ಕಿಂತ ಹೆಚ್ಚೂಕಡಿಮೆ ಐದನೆಯ ಒಂದು ಪಾಲಿನಷ್ಟು ಜಾಸ್ತಿ.

ಕಾರಣ ಚಿಪ್ಪಿನ ಒಳಗಿತ್ತು. ಹೊಸ ತಯಾರಿಕಾ ವಿಧಾನದಿಂದಾಗಿ ಕೋರ್‌ಗಳು ಬಹಳ ಹೆಚ್ಚಿನ ವೇಗದಲ್ಲಿ ಮಿಡಿಯುತ್ತಿದ್ದವು. ಪದೇ ಪದೇ ಬೇಕಾಗುವ ಮಾಹಿತಿಯನ್ನು ಚಿಪ್ಪಿನ ಒಳಗೇ ಇಟ್ಟುಕೊಳ್ಳುವ ಕ್ಯಾಶ್ 3 ಎಂಬಿಯಿಂದ 24 ಎಂಬಿಗೆ ಏರಿತ್ತು, ಹಾಗಾಗಿ ಕಿರಿದಾದ ದಾರಿಯಲ್ಲಿ ಓಡಾಡುವ ಅಗತ್ಯವೇ ಕಡಿಮೆಯಾಗಿತ್ತು. ವಿದ್ಯುತ್ ಬಳಕೆಯ ಮಿತಿಯೂ 170 ವಾಟ್‌ನಿಂದ 115ಕ್ಕೆ ಇಳಿದಿತ್ತು. ವಿವರಪಟ್ಟಿ ನೋಡಿ ತೀರ್ಪು ಕೊಟ್ಟವರು ಇಲ್ಲಿ ತಪ್ಪುತ್ತಾರೆ. ಸರಾಸರಿ ವೇಗವೊಂದನ್ನೇ ನೋಡಿ ತೀರ್ಪು ಕೊಟ್ಟವರು ಬೇರೊಂದು ಕಡೆ ತಪ್ಪುತ್ತಾರೆ. ಮನೆಯ ಖರ್ಚಿನಲ್ಲಿ ಉಳಿಸಿ ಇಪ್ಪತ್ತೈದು ಮೂವತ್ತು ಸಾವಿರ ಹೊಂದಿಸಿ, ನಾಲ್ಕೈದು ವರ್ಷ ಬಾಳಲಿ ಎಂದು ಕಾರ್ಡ್ ಕೊಳ್ಳುವವರಿಗೆ ಈ ಎರಡನೆಯ ತಪ್ಪೇ ಹೆಚ್ಚು ದುಬಾರಿ.

ಮೊದಲು ಕೇಳಬೇಕಾದದ್ದು ನಿಮ್ಮ ಮಾನಿಟರ್ ಯಾವುದು ಎಂದು. 1920×1080ರ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿವೆ, 2560×1440ರಲ್ಲಿ 36.9 ಲಕ್ಷ, 4ಕೆ ಪರದೆಯಲ್ಲಿ 82.9 ಲಕ್ಷ. ಪ್ರತಿ ಫ್ರೇಮಿನಲ್ಲೂ ಇಷ್ಟಕ್ಕೂ ಬಣ್ಣ ಲೆಕ್ಕಹಾಕಬೇಕು. ಪರದೆಯ ವೇಗವೂ ಮುಖ್ಯ: ಸೆಕೆಂಡಿಗೆ 60 ಸಲವಷ್ಟೇ ಚಿತ್ರ ಬದಲಿಸುವ 60 ಹರ್ಟ್ಸ್‌ನ ಹಳೆಯ ಮಾನಿಟರ್ ಮುಂದೆ ಕೂತವರಿಗೆ ಸೆಕೆಂಡಿಗೆ 140 ಫ್ರೇಮ್ ಕೊಡುವ ಕಾರ್ಡಿನ ಲಾಭದ ಬಹುಪಾಲು ಕಣ್ಣಿಗೆ ತಲುಪುವುದೇ ಇಲ್ಲ. ಪರದೆಯನ್ನು ಬಿಟ್ಟು ಕಾರ್ಡಿಗೆ ಒಳ್ಳೆಯದು, ಕೆಟ್ಟದ್ದು ಎಂಬ ಮಾತೇ ಅನ್ವಯಿಸದು.

ಈಗ ಸರಾಸರಿಯ ವಿಷಯ. ವಿಮರ್ಶೆಗಳಲ್ಲಿ ದಪ್ಪಕ್ಷರದಲ್ಲಿ ಕಾಣುವ ಎಫ್‌ಪಿಎಸ್ ಎಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಲೆಕ್ಕ. ಒಂದು ಉದಾಹರಣೆ ನೋಡಿ. ಒಂದು ಕಾರ್ಡ್ ಒಂದು ಸೆಕೆಂಡಿನಲ್ಲಿ 60 ಫ್ರೇಮ್ ಬಿಡಿಸಿತು, ಪ್ರತಿಯೊಂದಕ್ಕೂ ಸಮವಾಗಿ 16.7 ಮಿಲಿಸೆಕೆಂಡ್ ತೆಗೆದುಕೊಂಡಿತು. ಮತ್ತೊಂದು ಕಾರ್ಡ್ 57 ಫ್ರೇಮುಗಳನ್ನು ತಲಾ 10 ಮಿಲಿಸೆಕೆಂಡಿನಲ್ಲಿ ಚಕಚಕನೆ ಬಿಡಿಸಿ, ಉಳಿದ ಮೂರರಲ್ಲಿ ತಲಾ 143 ಮಿಲಿಸೆಕೆಂಡ್ ನಿಂತುಬಿಟ್ಟಿತು. ಎರಡರ ಸರಾಸರಿಯೂ 60. ಮೊದಲನೆಯದರಲ್ಲಿ ಆಟ ನೀರಿನಂತೆ ಹರಿಯುತ್ತದೆ. ಎರಡನೆಯದರಲ್ಲಿ ತಿರುವಿನಲ್ಲಿ ಕಾರು ಜರಕ್ಕನೆ ನಿಂತು ಮುಂದೆ ಜಿಗಿಯುತ್ತದೆ, ಗುರಿಯಿಟ್ಟ ಎದುರಾಳಿ ಅಷ್ಟರಲ್ಲಿ ಜಾಗ ಬಿಟ್ಟಿರುತ್ತಾನೆ.

ಇದನ್ನು ಅಳೆಯುವ ಪದ್ಧತಿಗೆ ದೊಡ್ಡ ಒತ್ತು ಸಿಕ್ಕಿದ್ದು 2011ರಲ್ಲಿ. ಅಮೆರಿಕದ ಟೆಕ್ ರಿಪೋರ್ಟ್ ಜಾಲತಾಣದ ಸಂಪಾದಕ ಸ್ಕಾಟ್ ವಾಸನ್, ಸೆಕೆಂಡಿನ ಒಳಗೆ ಇಣುಕಿ ನೋಡಬೇಕು ಎಂದು ವಾದಿಸಿ ಪ್ರತಿ ಫ್ರೇಮಿನ ಸಮಯವನ್ನೂ ಗ್ರಾಫ್ ಮಾಡಿ ತೋರಿಸಿದರು. ಅಲ್ಲಿಯವರೆಗೆ ಆಟಗಾರರು ಅನುಭವಿಸುತ್ತಿದ್ದ, ಆದರೆ ಸಂಖ್ಯೆಯಲ್ಲಿ ಕಾಣದಿದ್ದ ತೊಡಕಿಗೆ ರೂಪ ಬಂತು. ಇಂದಿನ ವಿಮರ್ಶೆಗಳಲ್ಲಿ ಕಾಣುವ ‘1 ಪರ್ಸೆಂಟ್ ಲೋ’ ಎಂಬ ಅಂಕಿ ಇದೇ ಆಲೋಚನೆಯದು: ನೂರರಲ್ಲಿ ಅತಿ ನಿಧಾನವಾದ ಒಂದು ಪಾಲು ಫ್ರೇಮುಗಳು ಎಷ್ಟು ನಿಧಾನ ಎಂಬುದನ್ನು ಅದು ಹೇಳುತ್ತದೆ. ಸರಾಸರಿ 90, ಈ ತಳದ ಅಂಕಿ 35 ಇರುವ ಕಾರ್ಡಿಗಿಂತ ಸರಾಸರಿ 75, ತಳದ ಅಂಕಿ 60 ಇರುವ ಕಾರ್ಡನ್ನು ನಾನು ಹಿಂದುಮುಂದು ನೋಡದೆ ಆರಿಸುತ್ತೇನೆ. ಮನೆಯಲ್ಲೇ ಅಳೆಯುವ ಆಸೆಯಿದ್ದರೆ ಪ್ರೆಸೆಂಟ್‌ಮಾನ್, ಕ್ಯಾಪ್‌ಫ್ರೇಮ್‌ಎಕ್ಸ್ ಎಂಬ ಉಚಿತ ತಂತ್ರಾಂಶಗಳಿವೆ.

ಫ್ರೇಮುಗಳು ಹೀಗೆ ಮುಗ್ಗರಿಸಲು ಮುಖ್ಯ ಕಾರಣಗಳಲ್ಲಿ ಒಂದು ಮೆಮೊರಿಯ ಕೊರತೆ. ಯಕ್ಷಗಾನದ ಚೌಕಿಯಲ್ಲಿ ಮುಂದಿನ ವೇಷಕ್ಕೆ ಬೇಕಾದ ಕಿರೀಟ, ಆಭರಣ ಎಲ್ಲ ಇದ್ದರೆ ಪಾತ್ರ ಹೊತ್ತಿಗೆ ಸರಿಯಾಗಿ ರಂಗಕ್ಕೆ ಬರುತ್ತದೆ. ಪೆಟ್ಟಿಗೆ ಪಕ್ಕದೂರಿನಲ್ಲಿ ಉಳಿದಿದ್ದರೆ ಭಾಗವತರು ಪದವನ್ನು ಎಳೆಯುತ್ತಲೇ ಇರಬೇಕು. ಕಾರ್ಡಿನ ಮೇಲಿನ ಮೆಮೊರಿ ಆ ಚೌಕಿ. ಗೋಡೆಯ ಇಟ್ಟಿಗೆ, ಮುಖದ ಸುಕ್ಕು, ಹುಲ್ಲಿನ ಎಸಳು, ಎಲ್ಲಕ್ಕೂ ಬೇಕಾದ ಟೆಕ್ಸ್ಚರ್‌ಗಳು ಅಲ್ಲಿರಬೇಕು. ಅಲ್ಲಿ ಜಾಗ ಮುಗಿದರೆ ಕಂಪ್ಯೂಟರಿನ ರ‍್ಯಾಮ್‌ನಿಂದ ತರಿಸಬೇಕು. 4060 ತನ್ನ ಸ್ವಂತ ಮೆಮೊರಿಯಿಂದ ಸೆಕೆಂಡಿಗೆ 272 ಜಿಬಿ ಓದಬಲ್ಲದು. ಮದರ್‌ಬೋರ್ಡಿನ ಮೂಲಕ ತರಿಸುವಾಗ ಸಿಗುವುದು ಹೆಚ್ಚೆಂದರೆ ಸುಮಾರು 16 ಜಿಬಿ, ಅಂದರೆ ಹದಿನೇಳನೆಯ ಒಂದು ಪಾಲು.

ಇಲ್ಲೇ ಇನ್ನೊಂದು ಸಂಗತಿ ಅಡಗಿದೆ, ಅಂಗಡಿಯಲ್ಲಿ ಯಾರೂ ಹೇಳದ್ದು. ಕಾರ್ಡನ್ನು ಮದರ್‌ಬೋರ್ಡಿಗೆ ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್‌ನ 16 ಲೇನ್‌ಗಳನ್ನು 3060 ಬಳಸುತ್ತದೆ. 4060 ಮತ್ತು ಎಎಂಡಿಯ ಆರ್‌ಎಕ್ಸ್ 7600 ಬಳಸುವುದು ಎಂಟನ್ನೇ. ಮದರ್‌ಬೋರ್ಡ್ ಮೂರನೆಯ ತಲೆಮಾರಿನ ಪಿಸಿಐದಾಗಿದ್ದರೆ ಆ 16 ಜಿಬಿಯೂ ಅರ್ಧವಾಗಿ 8ಕ್ಕೆ ಇಳಿಯುತ್ತದೆ. ಹಳೆಯ ಕಂಪ್ಯೂಟರಿಗೆ ಹೊಸ ಜೀವ ಕೊಡಲೆಂದೇ ಮಧ್ಯಮ ದರದ ಕಾರ್ಡ್ ಕೊಳ್ಳುವವರು ಹೆಚ್ಚು. ಅವರಿಗೇ ಈ ಪೆಟ್ಟು ಬೀಳುವುದು ನನಗೆ ತೀರಾ ಅನ್ಯಾಯವೆನಿಸುತ್ತದೆ.

2023ರ ಮಾರ್ಚ್‌ನಲ್ಲಿ ‘ದ ಲಾಸ್ಟ್ ಆಫ್ ಅಸ್ ಪಾರ್ಟ್ 1’ ಕಂಪ್ಯೂಟರಿಗೆ ಬಂದಾಗ 8 ಜಿಬಿಯ ಕಾರ್ಡುಗಳು ಅತ್ಯುಚ್ಚ ಸೆಟ್ಟಿಂಗ್‌ನಲ್ಲಿ ಪರದಾಡಿದವು. ಆಮೇಲಿನ ಪ್ಯಾಚ್‌ಗಳಿಂದ ಸ್ಥಿತಿ ಸುಧಾರಿಸಿತು ನಿಜ. ಆದರೆ ಕೆಲವು ಆಟಗಳು ಮುಗ್ಗರಿಸುವುದೇ ಇಲ್ಲ, ಮೆಮೊರಿ ಸಾಲದಾದಾಗ ಸದ್ದಿಲ್ಲದೆ ಟೆಕ್ಸ್ಚರ್‌ಗಳನ್ನು ಮಸುಕು ಮಾಡುತ್ತವೆ. ಅಂಥ ಕಡೆ ಸರಾಸರಿಯೂ ತಳದ ಅಂಕಿಯೂ ಚೆನ್ನಾಗಿಯೇ ಕಾಣುತ್ತವೆ. ಗೋಡೆಯ ಮೇಲಿನ ಬರಹ ಮಾತ್ರ ಓದಲಾಗದ ಹಾಗಿರುತ್ತದೆ. ಇದನ್ನು ಹಿಡಿಯಲು ಪಕ್ಕಪಕ್ಕ ಇಟ್ಟು ಕಣ್ಣಿಂದಲೇ ನೋಡಬೇಕು.

ಹೆಸರನ್ನಂತೂ ನಂಬಲೇಬಾರದು. 2016ರಲ್ಲಿ ಜಿಟಿಎಕ್ಸ್ 1060 ಎಂಬ ಒಂದೇ ಹೆಸರಿನಲ್ಲಿ 6 ಜಿಬಿ, 3 ಜಿಬಿ ಎಂಬ ಎರಡು ಕಾರ್ಡುಗಳು ಬಂದವು. ವ್ಯತ್ಯಾಸ ಮೆಮೊರಿಯದಷ್ಟೇ ಎಂದು ಕೊಂಡವರು ಅಂದುಕೊಂಡರೆ, ಚಿಕ್ಕದರಲ್ಲಿ ಕೋರ್‌ಗಳೂ 1280ರಿಂದ 1152ಕ್ಕೆ ಇಳಿದಿದ್ದವು. ಅದಕ್ಕೂ ಮೊದಲು 2014ರ ಜಿಟಿಎಕ್ಸ್ 970ರಲ್ಲಿ ಹೇಳಿದ 4 ಜಿಬಿಯ ಪೈಕಿ ಕೊನೆಯ ಅರ್ಧ ಜಿಬಿ ಉಳಿದದ್ದಕ್ಕಿಂತ ಬಹಳ ನಿಧಾನ ಎಂಬುದು ಬಯಲಾಗಿ, ಅಮೆರಿಕದಲ್ಲಿ ಮೊಕದ್ದಮೆ ನಡೆದು, ಕೊಂಡವರಿಗೆ ತಲಾ 30 ಡಾಲರ್ ಕೊಡುವ ರಾಜಿಯಾಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳುವಾಗಲೂ ಮಾದರಿಯ ಪೂರ್ಣ ಹೆಸರು, ಮೆಮೊರಿಯ ಗಾತ್ರ, ಸೀರಿಯಲ್ ನಂಬರ್ ಮೂರನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಇತ್ತೀಚಿನ ಜಾಹೀರಾತುಗಳಲ್ಲಿ ಫ್ರೇಮ್ ಜನರೇಶನ್ ಬಳಸಿ ದುಪ್ಪಟ್ಟು ವೇಗ ತೋರಿಸುತ್ತಾರೆ. ಕಾರ್ಡ್ ನಿಜವಾಗಿ ಬಿಡಿಸಿದ ಎರಡು ಫ್ರೇಮುಗಳ ನಡುವೆ ಊಹೆಯ ಫ್ರೇಮೊಂದನ್ನು ಸೇರಿಸುವ ಉಪಾಯ ಇದು. ಚಲನೆ ನುಣುಪಾಗಿ ಕಾಣುವುದು ನಿಜ. ಆದರೆ ನಡುವಿನದನ್ನು ಊಹಿಸಲು ಮುಂದಿನ ಫ್ರೇಮಿಗಾಗಿ ಕಾಯಲೇಬೇಕಾದ್ದರಿಂದ ಬಟನ್ ಒತ್ತಿದ್ದಕ್ಕೆ ಪ್ರತಿಕ್ರಿಯೆ ಚುರುಕಾಗುವುದಿಲ್ಲ, ತುಸು ತಡವೇ ಆಗುತ್ತದೆ. ಸಾಲದ್ದಕ್ಕೆ ಅದಕ್ಕೂ ಮೆಮೊರಿ ಬೇಕು. ಹೋಲಿಕೆ ಮಾಡುವಾಗ ಇದನ್ನು ಆಫ್ ಮಾಡಿ ಅಳೆದ ಸಂಖ್ಯೆಗಳನ್ನೇ ನೋಡಿ.

ನಮ್ಮ ಕಡೆಯ ಲೆಕ್ಕವೂ ಸ್ವಲ್ಪ ಬೇರೆ. ಅಮೆರಿಕದ ಬೆಲೆಯಲ್ಲಿ ತೆರಿಗೆ ಸೇರಿರುವುದಿಲ್ಲ. ಇಲ್ಲಿ ಶೇಕಡಾ 18 ಜಿಎಸ್‌ಟಿ ಕೂಡಿಸಬೇಕು. ಹವಾನಿಯಂತ್ರಿತ ಕೋಣೆಯಲ್ಲಿ ಪರೀಕ್ಷಿಸಿದ ಕಾರ್ಡು ಮೇ ತಿಂಗಳ ರಾಯಚೂರಿನ ಕೋಣೆಯಲ್ಲಿ ಹತ್ತು ಹದಿನೈದು ಡಿಗ್ರಿ ಹೆಚ್ಚು ಬಿಸಿಯಾಗಿ ಓಡುತ್ತದೆ, ಫ್ಯಾನ್ ಕಿರುಚುತ್ತದೆ. 600 ವಿಎ ಎಂದು ಬರೆದಿರುವ ಯುಪಿಎಸ್‌ಗಳಲ್ಲಿ ಹಲವು ಹೊರುವುದು 360 ವಾಟ್ ಮಾತ್ರ. 4060 ನನಗೆ ನಿಜಕ್ಕೂ ಮೆಚ್ಚಿಗೆಯಾಗುವುದು ಇಲ್ಲಿಯೇ: 3060ಕ್ಕಿಂತ 55 ವಾಟ್ ಕಡಿಮೆ ಎಂದರೆ ದಿನಕ್ಕೆ ನಾಲ್ಕು ಗಂಟೆ ಆಡಿದರೆ ವರ್ಷಕ್ಕೆ 80 ಯೂನಿಟ್ ಉಳಿತಾಯ. ಆ ಹಣಕ್ಕಿಂತ ಚಿಕ್ಕ ಕೋಣೆಗೆ ತಗ್ಗುವ ಸೆಕೆ ದೊಡ್ಡದು.

1080 ಪರದೆ, ನಾಲ್ಕನೆಯ ತಲೆಮಾರಿನ ಪಿಸಿಐ ಇರುವ ಬೋರ್ಡ್, ಹೆಚ್ಚಾಗಿ ವ್ಯಾಲೊರೆಂಟ್, ಕೌಂಟರ್ ಸ್ಟ್ರೈಕ್‌ನಂಥ ಆಟಗಳು, ಇಷ್ಟಿದ್ದರೆ 4060 ಸಾಕು. 1440ರ ಪರದೆಯಲ್ಲಿ ಹೊಸ ಕಥಾಪ್ರಧಾನ ಆಟಗಳನ್ನು ವರ್ಷಗಟ್ಟಲೆ ಆಡುವ ಆಸೆಯಿದ್ದರೆ 8 ಜಿಬಿ ಬೇಡ. 2025ರ ಜೂನ್‌ನಲ್ಲಿ ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಬಂದಾಗ 8 ಜಿಬಿಯದಕ್ಕೆ 299, 16 ಜಿಬಿಯದಕ್ಕೆ 349 ಡಾಲರ್ ಎಂದು ಘೋಷಿಸಿದರು. ಚಿಪ್ ಅದೇ, ಮೆಮೊರಿ ಮಾತ್ರ ಇಮ್ಮಡಿ. ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯನ್ನು ರ‍್ಯಾಮ್‌ನಂತೆ ಆಮೇಲೆ ಸೇರಿಸಲು ಬರುವುದಿಲ್ಲ. ಆ 50 ಡಾಲರಿನ ಅಂತರವನ್ನು ಬಣ್ಣದ ದೀಪದ ಕೇಸಿಗೆ ಖರ್ಚು ಮಾಡದೆ ಮೆಮೊರಿಗೇ ಕೊಡಿ.