ಲೆಕ್ಕ ತಪ್ಪಿದರೆ ದಾರಿ ಬಿಡುವ ಕಾರು

ನೇರ ಸೂತ್ರದಿಂದ ಬಿಡಿಸಲಾಗದ ಸಮೀಕರಣಕ್ಕೆ ಒಂದು ಅಂದಾಜು ಉತ್ತರವನ್ನು ತಿದ್ದುತ್ತಲೋ ಚಿಕ್ಕ ಚಿಕ್ಕ ಹೆಜ್ಜೆಗಳಲ್ಲಿ ಲೆಕ್ಕ ಹಾಕುತ್ತಲೋ ಹಂತಹಂತವಾಗಿ ನಿಜವಾದ ಬೆಲೆಯ ಸಮೀಪಕ್ಕೆ ತಲುಪುವ ಗಣಿತಕ್ಕೆ ಸಂಖ್ಯಾತ್ಮಕ ವಿಧಾನಗಳು ಎಂದು ಹೆಸರು. ಕರ್ನಾಟಕದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಇದನ್ನು ನ್ಯೂಟನ್-ರಾಫ್ಸನ್, ರುಂಗೆ-ಕುಟ್ಟ ಎಂಬ ಹೆಸರುಗಳಿಂದ ಬಲ್ಲರು. ಪಠ್ಯಪುಸ್ತಕಗಳಲ್ಲಿ ಈ ಲೆಕ್ಕಗಳು ಯಾವ ವಸ್ತುವಿಗೂ ಸಂಬಂಧಿಸದೆ ಒಣಗಿ ನಿಂತಿರುವುದರಿಂದ, ಉತ್ತರ ತಪ್ಪಾದರೆ ಒಂದೆರಡು ಅಂಕ ಕಳೆಯುತ್ತದೆಯೇ ಹೊರತು ಬೇರೇನೂ ಕೆಡುವುದಿಲ್ಲ.

ಅಮೆರಿಕದ ನಾರ್ದರ್ನ್ ಇಲಿನಾಯ್ ವಿಶ್ವವಿದ್ಯಾಲಯದ ಮೆಕ್ಯಾನಿಕಲ್ ಇಂಜಿನಿಯರಿಂಗ್ ಪ್ರಾಧ್ಯಾಪಕ ಬ್ರಿಯಾನೊ ಕಾಲರ್ ಈ ವಿಷಯವನ್ನು ಕಲಿಸಲು ಟಾರ್ಕ್ಸ್ ಎಂಬ ಕಾರ್ ರೇಸಿನ ವಿಡಿಯೊ ಗೇಮನ್ನು ಆರಿಸಿಕೊಂಡರು. ಅದು ಮುಕ್ತ ತಂತ್ರಾಂಶ, ಅಂದರೆ ಅದರ ಮೂಲ ಸಂಕೇತವನ್ನು ಯಾರು ಬೇಕಾದರೂ ತೆರೆದು ತಿದ್ದಬಹುದು. ಅವರ ತರಗತಿಯಲ್ಲಿ ವಿದ್ಯಾರ್ಥಿಗಳು ಕಾರನ್ನು ಕೈಯಿಂದ ಓಡಿಸುತ್ತಿರಲಿಲ್ಲ; ಸ್ಟೀರಿಂಗ್ ಎಷ್ಟು ತಿರುಗಬೇಕು, ಬ್ರೇಕ್ ಯಾವಾಗ ಬೀಳಬೇಕು ಎಂಬುದನ್ನು ನಿರ್ಧರಿಸುವ ಪ್ರೋಗ್ರಾಮನ್ನು ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ತಾವೇ ಬರೆಯುತ್ತಿದ್ದರು. ಈ ಪ್ರಯೋಗದ ಜೀವಾಳ ಇರುವುದು ಇಲ್ಲಿಯೇ.

ತಿರುವಿನಲ್ಲಿ ಕಾರು ಜಾರದೆ ಸಾಗಬಲ್ಲ ಗರಿಷ್ಠ ವೇಗವನ್ನು ಕಂಡುಹಿಡಿಯುವುದು ಸುಲಭವೆಂದು ತೋರಬಹುದು. ಆದರೆ ಟಯರಿನ ಹಿಡಿತವು ಕಾರನ್ನು ನೆಲಕ್ಕೆ ಒತ್ತುವ ಬಲವನ್ನು ಅವಲಂಬಿಸುತ್ತದೆ, ಆ ಬಲದ ಒಂದು ಭಾಗ ಹರಿಯುವ ಗಾಳಿಯಿಂದ ಬರುತ್ತದೆ, ಗಾಳಿಯ ಒತ್ತಾದರೂ ವೇಗದೊಂದಿಗೇ ಬದಲಾಗುತ್ತದೆ. ಹೀಗೆ ಹುಡುಕಬೇಕಾದ ಬೆಲೆಯೇ ಸಮೀಕರಣದ ಹಲವು ಕಡೆ ಅವಿತು ಕುಳಿತಾಗ ಅಂದಾಜಿಸಿ ತಿದ್ದುವ ವಿಧಾನದ ಅಗತ್ಯ ತಾನಾಗಿ ಅರಿವಾಗುತ್ತದೆ, ತಪ್ಪಿದವರ ಕಾರು ರಸ್ತೆ ಬಿಟ್ಟು ಹೊರಗೆ ಜಾರುತ್ತದೆ. ಪ್ರಶ್ನೋತ್ತರಕ್ಕೆ ಬಣ್ಣ ಬಳಿದು ಅಂಕಗಳ ಬದಲು ನಕ್ಷತ್ರಗಳನ್ನು ಕೊಡುವ ಬಹುಪಾಲು 'ಶೈಕ್ಷಣಿಕ' ಗೇಮುಗಳಲ್ಲಿ ಈ ಗುಣ ಇರುವುದಿಲ್ಲ.

ಕಾಲರ್ ಮತ್ತು ಅವರ ಸಹಲೇಖಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗೇಮಿನ ಮೂಲಕ ಕಲಿತವರು ತರಗತಿಯ ಹೊರಗೆ ಈ ವಿಷಯಕ್ಕಾಗಿ ಸಾಂಪ್ರದಾಯಿಕ ರೀತಿಯಲ್ಲಿ ಕಲಿತವರಿಗಿಂತ ಸುಮಾರು ಎರಡರಷ್ಟು ಸಮಯ ವ್ಯಯಿಸಿದ್ದರು. ಪರಿಕಲ್ಪನೆಗಳ ನಡುವಿನ ಸಂಬಂಧವನ್ನು ನಕ್ಷೆಯಾಗಿ ಬರೆಯುವ ಪರೀಕ್ಷೆಯಲ್ಲಿಯೂ ಅವರ ತಿಳಿವಳಿಕೆ ಹೆಚ್ಚು ಆಳವಾಗಿ ಕಂಡಿತು. ಇದರಲ್ಲಿ ಎಷ್ಟು ಪಾಲು ಗೇಮಿನದು, ಎಷ್ಟು ಪಾಲು ಕೇವಲ ಹೆಚ್ಚಿನ ದುಡಿಮೆಯದು ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ಗೇಮಿನಿಂದ ಕಲಿಯುವುದಕ್ಕೆ ಇನ್ನೊಂದು ಮಿತಿಯೂ ಇದೆ: ಗೇಮಿನೊಳಗಿನ ಭೌತವಿಜ್ಞಾನ ಯಾವಾಗಲೂ ಪೂರ್ಣವಾಗಿರುವುದಿಲ್ಲ. ರಾಕೆಟ್ ಕಟ್ಟಿ ಹಾರಿಸುವ, 2015ರಲ್ಲಿ ಪೂರ್ಣ ರೂಪದಲ್ಲಿ ಬಿಡುಗಡೆಯಾದ ಕರ್ಬಲ್ ಸ್ಪೇಸ್ ಪ್ರೋಗ್ರಾಮ್ ಕಕ್ಷೆಯ ಚಲನೆಯನ್ನು ಸೊಗಸಾಗಿ ಮನಗಾಣಿಸುತ್ತದೆಯಾದರೂ, ಅದರಲ್ಲಿ ನೌಕೆಯ ಮೇಲೆ ಒಂದು ಸಲಕ್ಕೆ ಒಂದೇ ಕಾಯದ ಗುರುತ್ವ ಕೆಲಸ ಮಾಡುತ್ತದೆ. ಹಾಗಾಗಿ ಇಸ್ರೋದ ಆದಿತ್ಯ-ಎಲ್1 ನೌಕೆ ಸುತ್ತುತ್ತಿರುವ, ಸೂರ್ಯ ಮತ್ತು ಭೂಮಿ ಎರಡರ ಸೆಳೆತವೂ ಸೇರಿ ರೂಪಿಸುವ, ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದ ಲಗ್ರಾಂಜ್ ಬಿಂದುವಿನಂಥ ನೆಲೆ ಆ ಗೇಮಿನಲ್ಲಿ ಇರಲು ಸಾಧ್ಯವೇ ಇಲ್ಲ. ಹಲವು ಕಾಯಗಳ ಗುರುತ್ವವನ್ನು ಒಟ್ಟಿಗೆ ಲೆಕ್ಕ ಹಾಕುವ ಪ್ರಿನ್ಸಿಪಿಯ ಎಂಬ ಹೆಚ್ಚುವರಿ ತಂತ್ರಾಂಶವನ್ನು ಆಸಕ್ತರು ಬರೆದು ಆ ಕೊರತೆಯನ್ನು ತುಂಬಿದ್ದಾರೆ. ಅದು ನಡೆಯುವುದೂ ಸಂಖ್ಯಾತ್ಮಕ ವಿಧಾನಗಳಿಂದಲೇ.